ಅಕ್ಕೋರ ದೋಣಿಯ ಕೊಂಬುಗಳು

ಅಕ್ಕೋರು ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಸೀರೆಯನ್ನು ಹಿಮ್ಮಡಿಗಿಂತ ಮೇಲಕ್ಕೆ ಎತ್ತಿ ಉಡುತ್ತಿದ್ದರಾದ್ದರಿಂದ ಲೇಸಿಗೆ ಬಿಗಿದ ಎರಡೆರಡು ಗಂಟು ಓಣಿಗೆಲ್ಲ ಕಾಣುತ್ತಿತ್ತು. ಶಾಲೆಯಲ್ಲಿ ಉಳಿದ ಸೀಮೆಸುಣ್ಣದ ಚೂರುಗಳನ್ನು ಅರೆದು, ನೀರಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರವಿವಾರ ಮುಂಜಾನೆ ಬೂಟಿಗೆ ಬಳಿದು ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದರು. ಕಾಲುಂಗುರ ಇಲ್ಲದ್ದು ಕಾಣಬಾರದೆಂದು ಬೂಟು ಹಾಕುತ್ತಾಳೆ ಎಂದು ನೀರಿನ ನಳದ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಕ್ಕೋರು ಮದುವೆಯಾಗಿರಲಿಲ್ಲ. ಆ ಮಾತು ಅವರ ಕಿವಿಗೂ ಬಿದ್ದಿತ್ತು. ಒಂದು ದಿನ ನಳದ ಮುಂದೆ ನಿಂತು, ‘ಕಾಲ್ಬೆರಳಾಗ ಏನೈತಿ ಅಂತ ನೋಡಬೇಕಾಗಿತ್ತೇನು? ನೋಡ್ರಿ’ ಎಂದು ಎರಡೂ ಬೂಟು ಬಿಚ್ಚಿ ತೋರಿಸಿ, ಮತ್ತೆ ಹಾಕಿಕೊಂಡು, ಗಂಟು ಬಿಗಿದು, ಶಾಲೆಗೆ ನಡೆದಿದ್ದರು.

ಹುಬ್ಬಳ್ಳಿಯ ನಾಲಾ ದಂಡೆಗೆ ಹೊಂದಿಕೊಂಡ ಓಣಿ ನಮ್ಮದು. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ನಾಲಾಕ್ಕೆ ಬರುತ್ತದೆ, ನಾಲಾ ತುಂಬಿದರೆ ನಮ್ಮ ಮನೆಗಳಿಗೆ ಬರುತ್ತದೆ. ಅಕ್ಕೋರು ನಮ್ಮ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಅವರ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಕಲಾಸಿಯಾಗಿದ್ದವರು. ಬೌದ್ಧರು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲೇ ಕರಿಹಲಗೆ. ಸಂಜೆ ಓಣಿಯ ಮಕ್ಕಳಿಗೆಲ್ಲ ಅಲ್ಲಿ ಪುಕ್ಕಟೆ ಪಾಠ. ಪಾಠಕ್ಕೆ ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು, ‘ನೀರ ಕುಡದ ಹೋಗು’ ಎನ್ನುತ್ತಿದ್ದಳು. ಎಲ್ಲರ ಮನೆಯಲ್ಲೂ ಹೀಗೇ ಹೇಳಿ ಕಳಿಸುತ್ತಿದ್ದರು. ಅದು ಅವ್ವಂದಿರ ಕಾಳಜಿ ಎಂದೇ ನಾವು ತಿಳಿದಿದ್ದೆವು. ಅಕ್ಕೋರ ಮನೆಯಲ್ಲಿ ಒಂದು ಹನಿ ನೀರೂ ನಮ್ಮ ಬಾಯಿಗೆ ಬೀಳಬಾರದೆಂಬ ಲೆಕ್ಕ ಅದರಲ್ಲಿದೆ ಎಂದು ತಿಳಿಯುವಷ್ಟರಲ್ಲಿ ನಾನು ಕಾಲೇಜು ಸೇರಿದ್ದೆ. ಅಕ್ಕೋರಿಗೆ ಅದು ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಪಾಠ ನಿಲ್ಲಿಸಲಿಲ್ಲ, ಪಡಸಾಲೆಯ ಮೂಲೆಯಿಂದ ನೀರಿನ ಹರವಿಯನ್ನೂ ತೆಗೆಯಲಿಲ್ಲ.

ಅವರು ಪ್ರೀತಿ ತೋರಿಸುವ ಸ್ವಭಾವದವರಲ್ಲ. ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಸರಿಯಾದರೆ ಸುಮ್ಮನಿರುತ್ತಿದ್ದರು. ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಪೂರ್ತಿ ಕೇಳಿ, ‘ಹೂಂ, ಮುಂದ?’ ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನ ಓದು ಬಿಡಿಸುತ್ತಾರೆಂದು ಅವರೆದುರು ಅತ್ತಾಗಲೂ ಅದೇ ಮಾತು. ಮರುದಿನ ತಾವೇ ಧಾರವಾಡಕ್ಕೆ ಕರೆದುಕೊಂಡು ಹೋಗಿ ಕಾಲೇಜಿನಲ್ಲಿ ನನ್ನ ಹೆಸರು ಹಚ್ಚಿಸಿ ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಿಲ್ಲ. ಇಳಿಯುವಾಗ ಮಾತ್ರ, ‘ನಾಳಿಂದ ನೀ ಒಬ್ಬಾಕೀನ ಬರಬೇಕು, ದಾರಿ ನೋಡಿಕೊಂಡಿ ಹೌದಿಲ್ಲೋ?’ ಎಂದಿದ್ದರು. ಇವತ್ತು ನಾನು ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸಿ ಅನ್ನ ಉಣ್ಣುತ್ತಿದ್ದೇನೆ.

ಅವರು ನಿವೃತ್ತರಾದ ವರ್ಷವೇ ದೊಡ್ಡ ನೀರು ಬಂತು. ಓಣಿಯವರೆಲ್ಲ ತಂತಮ್ಮ ಮಾಳಿಗೆ ಹತ್ತಿ ಕೂತೆವು. ಕೆಳಗೆ ಎದೆಮಟ್ಟದ ಕೆಂಪು ನೀರು, ಓಣಿ ಇಳಿಜಾರಾದ್ದರಿಂದ ಹೊಳೆಯ ಸೆಳೆತ. ಅಕ್ಕೋರ ಮನೆಯ ಎದುರು ಮಾಳಿಗೆಯಲ್ಲಿ ಒಬ್ಬ ಮುದುಕರಿದ್ದರು, ದಮ್ಮಿನ ರೋಗಿ. ಔಷಧಿ ಕೆಳಗಿನ ಮನೆಯಲ್ಲಿ ಮುಳುಗಿತ್ತು. ಅಕ್ಕೋರ ಟ್ರಂಕಿನಲ್ಲಿ ಅದೇ ಔಷಧಿ ಇತ್ತು, ಅವರಿಗೂ ಚಳಿಗಾಲದಲ್ಲಿ ಉಬ್ಬಸ. ನಡುವೆ ಇದ್ದದ್ದು ಓಣಿಯ ಅಗಲದ ನೀರು ಮಾತ್ರ. ಪೊಟ್ಟಣ ಕಟ್ಟಿ ಎಸೆದರು, ನೀರಿಗೆ ಬಿತ್ತು. ಇನ್ನೊಂದು ಇರಲಿಲ್ಲ. ಸರಕಾರದ ಬೋಟು ಬರುವಷ್ಟರಲ್ಲಿ ಮುದುಕರು ಹೋಗಿಬಿಟ್ಟಿದ್ದರು. ಅವರ ಉಸಿರು ನಿಲ್ಲುವವರೆಗೂ ಅಕ್ಕೋರು ಈಚೆಯ ಮಾಳಿಗೆಯ ಅಂಚಿನಲ್ಲಿ ನಿಂತೇ ಇದ್ದರು.

ನೀರು ಇಳಿದು ಕೆಸರು ತೆಗೆದದ್ದೂ ಆದ ಮೇಲೆ, ಓಣಿಯ ಸಭೆಯಲ್ಲಿ ಅಕ್ಕೋರು ಎದ್ದು ದೋಣಿ ಕೊಳ್ಳಬೇಕೆಂದರು. ಓಣಿಯ ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದರು; ಕಿರಾಣಿಯ ದೊಡ್ಡ ವ್ಯಾಪಾರಿ, ಮಾತಿಗೆ ನಿಂತರೆ ಜನರನ್ನು ನಗಿಸುವುದರಲ್ಲಿ ಗಟ್ಟಿಗರು.

‘ಅಕ್ಕೋರ, ಹುಬ್ಬಳ್ಳ್ಯಾಗ ಸಮುದ್ರ ಎಲ್ಲೈತ್ರಿ?’ ಎಂದರು.

‘ಹೋದ ತಿಂಗಳ ನಿಮ್ಮ ಅಡಗೀಮನ್ಯಾಗ ಇತ್ತಲ್ರಿ’ ಎಂದರು ಅಕ್ಕೋರು.

ಜನ ನಕ್ಕರು. ಆದರೆ ಈ ಸಲ ನಕ್ಕದ್ದು ಅಧ್ಯಕ್ಷರ ಮೇಲೆ. ಅದನ್ನು ಅವರು ಮರೆಯಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಸಂಘ ಒಪ್ಪಲಿಲ್ಲ. ಅಕ್ಕೋರು ತಮ್ಮ ರೊಕ್ಕದಲ್ಲೇ ತಂದರು. ನಮ್ಮ ಓಣಿಯ ಫಿಟ್ಟರ್ ಕಾಕಾನ ಗ್ಯಾರೇಜು ಗಬ್ಬೂರ ಬೈಪಾಸಿನ ಹತ್ತಿರ ಇದೆ. ಅಲ್ಲಿನ ಗುಜರಿಯಲ್ಲಿ ಒಂದು ಕೆಂಪು ಫೈಬರ್ ದೋಣಿ ಬಿದ್ದಿರುವ ಸುದ್ದಿ ತಂದದ್ದು ಆತನೇ. ಯಾವುದೋ ಕೆರೆಯಲ್ಲಿ ಜನರನ್ನು ಕೂರಿಸಿ ತಿರುಗಿಸುತ್ತಿದ್ದ ಸಣ್ಣ ದೋಣಿ, ಆರು ಮಂದಿ ಕೂರಬಹುದಾದದ್ದು. ಟ್ರ್ಯಾಕ್ಟರಿನಲ್ಲಿ ಅದು ಓಣಿಗೆ ಬಂದ ದಿನ ಜನ ಮದುವೆಯ ದಿಬ್ಬಣ ನೋಡುವ ಹಾಗೆ ಬಾಗಿಲಿಗೆ ಬಂದು ನಗಾಡಿದರು. ಅಕ್ಕೋರು ಅದನ್ನು ತಮ್ಮ ಹಿತ್ತಿಲಲ್ಲಿ ಹಳೆಯ ಟಾಯರುಗಳ ಮೇಲೆ ಮಗುಚಿ ಇಡಿಸಿದರು.

ಪರೀಕ್ಷೆ ಮಾಡಲು ಕೆರೆಗೆ ಒಯ್ದೆವು. ಅಕ್ಕೋರು, ಫಿಟ್ಟರ್ ಕಾಕಾ, ನಾನು. ತೇಲಿತು, ಹುಟ್ಟು ಹಾಕಿದರೆ ಹೇಳಿದ ಕಡೆಗೆ ಹೋಯಿತು. ದಂಡೆಗೆ ಬಂದು ನಿಲ್ಲಿಸುವಾಗಲೇ ತೊಂದರೆ. ಹಗ್ಗ ಕಟ್ಟಲು ದೋಣಿಯಲ್ಲಿ ಏನೂ ಇರಲಿಲ್ಲ. ಕಾಕಾ ಕೂರುವ ಹಲಗೆಗೇ ಹಗ್ಗ ಸುತ್ತಿ ಇನ್ನೊಂದು ತುದಿಯನ್ನು ದಂಡೆಯ ಜಾಲಿಮರಕ್ಕೆ ಬಿಗಿದ. ನಾನು ಒಂದು ಕಾಲು ಮೆಟ್ಟಿಲಿನ ಮೇಲೆ, ಒಂದು ಕಾಲು ದೋಣಿಯಲ್ಲಿ ಇಟ್ಟಿದ್ದೇನೆ, ಹಲಗೆ ಮೊಳೆಸಮೇತ ಕಿತ್ತು ಬಂತು. ದೋಣಿ ಹಿಂದೆ ಸರಿಯಿತು. ನಾನು ಎರಡರ ನಡುವೆ ಕೆಸರು ನೀರಿಗೆ ಬಿದ್ದೆ. ಕಾಕಾ ನಗುತ್ತಾ ಕೈಕೊಟ್ಟು ಎತ್ತಿದ. ಅಕ್ಕೋರು ನಗಲಿಲ್ಲ.

‘ನಿನ್ನ ಬದಲಿ ಒಬ್ಬ ಮುದುಕಿ ಇದ್ದಿದ್ರ?’ ಎಂದರು. ‘ತೇಲೂದು ಮುಖ್ಯ ಅಲ್ಲ. ಜನ ಹತ್ತಿ ಇಳ್ಯೂಮಟ ಅದು ಅಲ್ಲಾಡದಂಗ ನಿಂದರಬೇಕು.’

ಅವರ ತಂಗಿಯ ಮನೆ ಕಾರವಾರದಲ್ಲಿ. ಮರುವಾರ ಅಲ್ಲಿಗೆ ಹೋದರು. ಬಂದರಿನಲ್ಲಿ ಕೂತು, ಮೀನಿನ ದೋಣಿಗಳನ್ನು ಹೇಗೆ ಕಟ್ಟುತ್ತಾರೆಂದು ನೋಡಿದರು. ಅಲ್ಲಿಯವರನ್ನು ಕೇಳಿ ತಲೆ ತಿಂದರು ಎಂದು ತಂಗಿ ಆಮೇಲೆ ನನಗೆ ಹೇಳಿದ್ದಾರೆ. ವಾಪಸು ಬರುವಾಗ ಕೈಚೀಲದಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ನಾಲ್ಕು ಸ್ಟೀಲಿನ ತುಂಡುಗಳಿದ್ದವು. ಗೇಣಿನಷ್ಟು ಉದ್ದ, ನಡುವೆ ಗಿಡ್ಡ ಕಾಲು, ಎರಡೂ ಕಡೆಗೆ ಚಾಚಿದ ಕೊಂಬು. ಅಲ್ಲಿ ಇದಕ್ಕೆ ಕ್ಲೀಟ್ ಅನ್ನುತ್ತಾರಂತೆ. ನಮ್ಮ ಓಣಿಯಲ್ಲಿ ಅದು ಕೊಂಬು ಎಂದೇ ಆಯಿತು.

ಕೂಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅಕ್ಕೋರು ಬೆಳಿಗ್ಗೆಯೇ ದೋಣಿಯನ್ನು ನೆಟ್ಟಗೆ ಮಾಡಿಸಿ, ಸೀಮೆಸುಣ್ಣ ಹಿಡಿದು ಅದರ ಅಂಚಿನ ಮೇಲೆ ಗುರುತು ಮಾಡಿದ್ದರು. ಮೂತಿಯ ಕಡೆಗೆ ಎರಡು, ಹಿಂದೆ ಎರಡು. ಒಳಗೆ ಕೂತವರ ಕೈಗೆ ಎಟುಕಬೇಕು, ಹತ್ತುವವರ ಕಾಲಿಗೆ ಸಿಗಬಾರದು. ಅದಕ್ಕಾಗಿ ನನ್ನನ್ನು ದೋಣಿಯಲ್ಲಿ ಕೂರಿಸಿ, ಏಳಿಸಿ, ಮತ್ತೆ ಕೂರಿಸಿ, ಗುರುತು ಅಳಿಸಿ ಬರೆದರು. ಕಾಕಾಗೆ ತಾಳ್ಮೆ ಕೆಟ್ಟಿತು.

‘ಅಕ್ಕೋರ, ನಾಕ ಇಸ್ಕ್ರೂ ಹೊಡದ್ರ ಕೆಲಸ ಮುಗೀತ್ರಿ. ಊಟದ ಹೊತ್ತಿಗೆ ಮುಗಸಿ ಕೊಡ್ತೀನಿ.’

‘ಇಸ್ಕ್ರೂ ಬ್ಯಾಡ. ಈ ಫೈಬರ್ ಎಷ್ಟ ತೆಳ್ಳಗೈತಿ ನೋಡು. ನೀರ ಜಗ್ಗಿದಾಗ ಇಸ್ಕ್ರೂ ಕಿತ್ತ ಬರತಾವ. ತೂತ ಪಾರ ಹಾಕಿ ಬೋಲ್ಟ್ ಹಾಕೂದು. ತಳಗ ಅಲ್ಯುಮಿನಿಯಂ ಪಟ್ಟಿ ಕೊಡೂದು. ಜಗ್ಗಿದ ಭಾರ ಒಂದ ತೂತಿನ ಮ್ಯಾಲೆ ಬೀಳಬಾರದು, ಪಟ್ಟಿ ತುಂಬ ಹಂಚಿ ಹೋಗಬೇಕು.’

‘ಹಲಗಿ ಆದ್ರ ಆಗೂದಿಲ್ಲೇನ್ರಿ?’

‘ಹಲಗಿ ನೀರ ಕುಡದು ಕೊಳೀತೈತಿ. ನಾ ಸತ್ತ ಮ್ಯಾಲೂ ಇದು ಇರಬೇಕು.’

ಕಾಕಾ ಡ್ರಿಲ್ ಹಿಡಿದ. ಬಿಳಿ ಪುಡಿ ಎದ್ದು ಮೂವರ ಕೈಯೂ ತುರಿಸತೊಡಗಿತು. ಪ್ರತಿ ತೂತಿನ ಬಾಯಿಗೂ ನೀರು ಇಳಿಯದಂತೆ ಸಿಲಿಕಾನ್ ಅಂಟು ಹಚ್ಚಿ ಬೋಲ್ಟು ಇಳಿಸಿದೆವು. ನಾನು ದೋಣಿಯ ಅಂಚಿನ ಕೆಳಗೆ ಅಂಗಾತ ಮಲಗಿ ಪಟ್ಟಿ ಹಿಡಿದು ನಟ್ಟು ತಿರುಗಿಸಿದೆ. ಅಂಟು ಒಣಗುವವರೆಗೆ ಅಕ್ಕೋರು ಯಾರಿಗೂ ಮುಟ್ಟಗೊಡಲಿಲ್ಲ. ಆಮೇಲೆ ಒಂದು ಕೊಂಬಿಗೆ ಹಗ್ಗ ಹಾಕಿ, ಇನ್ನೊಂದು ಕಡೆಯ ಕೊಂಬನ್ನು ಬೇವಿನ ಮರಕ್ಕೆ ಕಟ್ಟಿ, ಓಣಿಯ ಗಂಡಸರನ್ನೆಲ್ಲ ಕರೆದು ಜಗ್ಗಿಸಿದರು. ದೋಣಿ ಕಿರುಗುಟ್ಟಿತು. ಕೊಂಬು ಕೂದಲೆಳೆಯಷ್ಟೂ ಸರಿಯಲಿಲ್ಲ. ಆಗ ಮಾತ್ರ ಅಕ್ಕೋರು ಕಾಕಾಗೆ, ‘ಛಲೋ ಆತು ನೋಡು’ ಎಂದರು. ಅವರ ಬಾಯಲ್ಲಿ ಆ ಮಾತು ಕೇಳಲು ನಾನು ಎಷ್ಟೋ ವರ್ಷ ಕಾದಿದ್ದೆ, ಕಾಕಾಗೆ ಒಂದೇ ದಿನದಲ್ಲಿ ಸಿಕ್ಕಿತು. ನನಗೆ ಹೊಟ್ಟೆಯುರಿಯೇ ಆಯಿತು.

ಆಮೇಲೆ ಓಣಿಯ ಹೆಂಗಸರಿಗೆ ಪಾಠ. ಗಂಡಸರು ಕೆಲಸಕ್ಕೆ ಹೋದಾಗ ನೀರು ಬಂದರೆ ಕಟ್ಟುವವರು ಯಾರು ಎಂಬುದು ಅಕ್ಕೋರ ವಾದ. ‘ಮೊದಲ ಕೊಂಬಿನ ಕಾಲಿಗೆ ಒಂದು ಸುತ್ತು. ಆಮ್ಯಾಲೆ ಎಂಟು ಬರೀರಿ. ಇತ್ತಾಗ, ಅತ್ತಾಗ, ಮತ್ತ ಇತ್ತಾಗ. ಎಂಟು ಬರಿಯಾಕ ಬರೂದಿಲ್ಲೇನು ನಿಮಗ?’ ಸಹಿ ಮಾಡಲು ಬಾರದವರೂ ಹಗ್ಗದಲ್ಲಿ ಎಂಟು ಬರೆದರು. ಅವ್ವ ಮಾತ್ರ ಹಿತ್ತಿಲ ಬೇಲಿಯ ಆಚೆ ನಿಂತು ನೋಡಿದಳು, ಒಳಗೆ ಬರಲಿಲ್ಲ.

ಮುಂದೆ ಎರಡು ಮಳೆಗಾಲ ಏನೂ ಆಗಲಿಲ್ಲ. ದೋಣಿಯ ಮೇಲೆ ಜನ ಸಂಡಿಗೆ ಒಣಹಾಕಿದರು. ಮೂರನೆಯದರಲ್ಲಿ ಒಂದು ರವಿವಾರ ಮಧ್ಯಾಹ್ನ ನೀರು ನುಗ್ಗಿತು. ನಾನು ಮನೆಯಲ್ಲಿದ್ದೆ. ಅವ್ವ ಟೊಂಕದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅವಳನ್ನು ಮಾಳಿಗೆಗೆ ಹತ್ತಿಸುವುದು ಸಾಧ್ಯವಿರಲಿಲ್ಲ. ನೀರು ಮಂಚದ ಕಾಲು ಮುಳುಗಿಸಿ ಹಾಸಿಗೆ ಮುಟ್ಟಿತು. ಅವ್ವ ನನ್ನ ಮುಂಗೈ ಹಿಡಿದು, ‘ನೀ ಹತ್ತ ಹೋಗು, ನನ್ನ ಬಿಡು’ ಎನ್ನತೊಡಗಿದಳು. ಆಗ ಹೊರಗಿನಿಂದ ಅಕ್ಕೋರ ಧ್ವನಿ: ‘ಕಿಡಕಿ ಗಜ ಹಿಡಕೋ ಕಾಕಾ! ಮೂತಿ ಕಟ್ಟ ಮೊದಲ!’

ಕಾಕಾ ನಮ್ಮ ಕಿಟಕಿಯ ಸರಳಿಗೆ ಒಂದು ಹಗ್ಗ, ಕಟ್ಟೆಯ ಕಂಬಕ್ಕೆ ಇನ್ನೊಂದು ಹಗ್ಗ ಹಾಕಿ, ಎರಡನ್ನೂ ಕೊಂಬಿಗೆ ತಂದು ಎಂಟು ಬರೆದ. ದೋಣಿ ಬಾಗಿಲಿಗೆ ಅಂಟಿಕೊಂಡಂತೆ ನಿಂತಿತು. ಅಕ್ಕೋರು ಸೊಂಟದವರೆಗಿನ ನೀರಿನಲ್ಲಿ ಒಳಗೆ ಬಂದರು. ಅವ್ವನ ತೋಳಿನ ಕೆಳಗೆ ಕೈ ಹಾಕಿ, ‘ನನ್ನ ಕುತಗಿ ಹಿಡಕೋರಿ, ಗಟ್ಟಿ ಹಿಡಕೋರಿ, ನಾಚಕೋಬ್ಯಾಡ್ರಿ’ ಎಂದರು. ಅವ್ವ ಹಿಡಿದಳು. ಕೂಸಿನ ಹಾಗೆ ಹಿಡಿದಳು. ಹೊಸ್ತಿಲು ದಾಟಿ, ದೋಣಿಯ ಅಂಚು ದಾಟಿ, ಒಳಗೆ ಹಾಸಿದ ಗಾದಿಯ ಮೇಲೆ ಮಲಗಿಸುವವರೆಗೂ ದೋಣಿ ಗೇಣಿನಷ್ಟೂ ದೂರ ಹೋಗಲಿಲ್ಲ. ಹಗ್ಗ ಮಾತ್ರ ಬಿಗಿದು ನೀರು ಹಿಂಡುತ್ತಿತ್ತು. ಅಂದು ಸಂಜೆಯವರೆಗೆ ಅಕ್ಕೋರು ಮತ್ತು ಕಾಕಾ ಮುದುಕರು, ಬಸುರಿಯರು, ಮಕ್ಕಳು ಎಲ್ಲರನ್ನೂ ಮೇಲಿನ ರಸ್ತೆಗೆ ಮುಟ್ಟಿಸಿದರು. ಅಧ್ಯಕ್ಷರ ಹೆಂಡತಿ, ಮೊಮ್ಮಕ್ಕಳೂ ಅದರಲ್ಲಿದ್ದರು. ಒಂದು ಜೀವವೂ ಹೋಗಲಿಲ್ಲ.

ಪೇಪರಿನಲ್ಲಿ ಫೋಟೋ ಬಂತು. ದೋಣಿಯ ಪಕ್ಕ ನಿಂತವರು ಅಧ್ಯಕ್ಷರು. ನಾನು ಪೇಪರು ಒಯ್ದು ತೋರಿಸಿದಾಗ ಅಕ್ಕೋರು ನೋಡಿ, ‘ಕೊಂಬು ಕಾಣಸ್ತಾವಲ್ಲ, ಸಾಕು’ ಎಂದು ಮಡಚಿ ಕೊಟ್ಟರು.

ಮರುವರ್ಷ ಗಣೇಶನ ಹಬ್ಬಕ್ಕೆ ಸಂಘದವರು ದೋಣಿ ಕೇಳಲು ಬಂದರು. ಓಣಿಯ ಗಣಪತಿಯನ್ನು ದೋಣಿಯಲ್ಲಿ ಕೂರಿಸಿ ಕೆರೆಯ ನಡುವೆ ಬಿಡಬೇಕೆಂದು ಅಧ್ಯಕ್ಷರಿಗೆ ಮನಸ್ಸಾಗಿತ್ತು. ಅಕ್ಕೋರು ಕೊಟ್ಟರು. ‘ಒಯ್ರಿ. ಆದ್ರ ಹೆಂಗ ಒಯ್ತೀರಿ ಹಂಗ ತಂದ ಇಡ್ರಿ’ ಎಂದರು.

ಒಯ್ದವರು ಮೊದಲು ಮಾಡಿದ್ದು ದೋಣಿ ತೊಳೆದದ್ದು. ಗಣಪತಿ ಕೂರುವ ಜಾಗ, ಅಕ್ಕೋರ ಹಿತ್ತಿಲಲ್ಲಿ ಬಿದ್ದಿದ್ದ ಸಾಮಾನು, ಶುದ್ಧ ಆಗಬೇಕು ಎಂದು ಯಾರೋ ಅಂದರು. ಯಾರೂ ಜಾತಿಯ ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಗೋಮೂತ್ರ ಬಂತು. ತಾಮ್ರದ ತಂಬಿಗೆ ಹಿಡಿದು, ಮಾವಿನ ಎಲೆಯಿಂದ ದೋಣಿಯ ಸುತ್ತ ಸಿಂಪಡಿಸಿದ ಹೆಂಗಸರಲ್ಲಿ ನನ್ನ ಅವ್ವ ಇದ್ದಳು. ಕೈಯಲ್ಲಿ ಊರುಗೋಲು. ಕುಂಟುತ್ತಾ ಒಂದು ಸುತ್ತು ಬಂದಳು. ಅವಳನ್ನು ಮಲಗಿಸಿ ತಂದಿದ್ದ ಅದೇ ದೋಣಿ. ನಾನು ಧಾರವಾಡದಿಂದ ಬಸ್ಸಿಳಿದು ಓಣಿಗೆ ಬರುವಾಗ ಇದನ್ನು ನೋಡಿದೆ. ಅಕ್ಕೋರೂ ತಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು.

‘ನೀರ ಬಂದಾಗ ಯಾರೂ ಗೋಮೂತ್ರ ಕೇಳಲಿಲ್ಲಲ್ಲ’ ಎಂದರು. ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡಿದ್ದೋ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಷ್ಟೋ ದಿನ ನನ್ನ ಜೊತೆಗೂ ಮಾತಾಡಲಿಲ್ಲ. ಅವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು ಎಂದು ಬರೆದರೆ ಸುಳ್ಳಾದೀತು. ಅವರಿಗೆ ನೋವಾಗಿತ್ತು, ನೋವನ್ನು ಅವರು ಯಾರಿಗೂ ಮಾಫಿ ಮಾಡಲಿಲ್ಲ.

ಅಂದು ಮನೆಯಲ್ಲಿ ನಾನು ಅವ್ವನನ್ನು ಕೇಳಿದೆ. ‘ಆ ದೋಣಿ ಇರದಿದ್ರ ನೀ ಇವತ್ತ ಇರ್ತಿದ್ದಿಲ್ಲ. ಗೊತ್ತೈತಿಲ್ಲ?’

‘ಗೊತ್ತಿಲ್ಲದ ಏನು? ಆಕಿ ಉಪಕಾರ ಬ್ಯಾರೆ, ದೇವರ ಕೆಲಸ ಬ್ಯಾರೆ’ ಎಂದಳು. ಅವಳ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. ಅದನ್ನು ನೋಡಿಯೇ ನನಗೆ ಹೆಚ್ಚು ಹೆದರಿಕೆಯಾಯಿತು.

ವಿಸರ್ಜನೆಯ ದಿನ ಅಧ್ಯಕ್ಷರ ಧೋತರದ ಅಂಚು ಮೂತಿಯ ಕೊಂಬಿಗೆ ಸಿಕ್ಕಿತು. ಮೊಬೈಲುಗಳು ಫೋಟೋ ತೆಗೆಯುತ್ತಿರುವಾಗಲೇ ಮುಗ್ಗರಿಸಿ ಗಣಪತಿಯ ಮುಂದೆ ಮೊಣಕಾಲೂರಿ ಬಿದ್ದರು. ಜನ ನಕ್ಕರು. ಎರಡು ದಿನದ ಮೇಲೆ ದೋಣಿ ವಾಪಸು ಬಂತು. ಹೊಸ ಬಣ್ಣ, ಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಅಧ್ಯಕ್ಷರ ಹೆಸರು. ನಾಲ್ಕು ಕೊಂಬುಗಳೂ ಇರಲಿಲ್ಲ. ಬೋಲ್ಟುಗಳನ್ನು ಗರಗಸದಿಂದ ಕೊಯ್ದು, ಪಟ್ಟಿಗಳನ್ನು ಕಿತ್ತು, ತೂತುಗಳಿಗೆ ಗೋಡೆಗೆ ಬಳಿಯುವ ಪುಟ್ಟಿ ತುಂಬಿದ್ದರು. ಕೀಳುವಾಗ ಅಂಚಿನ ಫೈಬರು ಅಲ್ಲಲ್ಲಿ ಸೀಳಿತ್ತು.

ಅಕ್ಕೋರು ಬೂಟು ಹಾಕಿಕೊಂಡು ನೇರ ಅವರ ಅಂಗಡಿಗೆ ಹೋದರು. ನಾನು ಹಿಂದೆಯೇ ಓಡಿದೆ.

‘ಕೊಂಬು ಎಲ್ಲೆ ಅದಾವ್ರಿ?’

‘ಅಯ್ಯ, ಅವು ಕಾಲಿಗೆ ಅಡ್ಡ ಬರಾಕತ್ತಿದ್ವು ಅಕ್ಕೋರ. ಹುಡುಗರು ತಗದು ಗುಜರಿಗೆ ಹಾಕ್ಯಾರ. ಈಗ ನೋಡ್ರಿ, ದೋಣಿ ಎಷ್ಟ ಛಂದ ಕಾಣತೈತಿ.’

‘ಆ ಕೊಂಬಿಗೆ ಹಗ್ಗ ಕಟ್ಟೇನ ನಿಮ್ಮ ಮೊಮ್ಮಕ್ಕಳನ್ನ ಇಳಿಸಿದ್ನಿ ನಾ.’

‘ಅದಕ್ಕ ಈಗ ಏನ ಅಂತೀರಿ? ಪ್ರತಿ ವರ್ಷ ನೀರ ಬರತೈತೇನ್ರಿ?’ ಎಂದು ಗಿರಾಕಿಯ ಕಡೆಗೆ ತಿರುಗಿದರು.

ಅಕ್ಕೋರು ತಂಗಿಗೆ ಫೋನು ಮಾಡಿ ಮತ್ತೆ ನಾಲ್ಕು ಕ್ಲೀಟ್ ತರಲು ಹೇಳಿದರು. ಆದರೆ ಸೀಳಿದ ಅಂಚಿಗೆ ಮೊದಲು ಫೈಬರ್ ಹಾಕಿ ಗಟ್ಟಿ ಮಾಡಬೇಕಿತ್ತು. ಅದು ಒಣಗಲು ಬಿಸಿಲು ಬೇಕು. ಆ ವರ್ಷ ಮೋಡ ಸರಿಯಲೇ ಇಲ್ಲ. ಕಾಕಾ ದಿನಾ ಆಕಾಶ ನೋಡುತ್ತಿದ್ದ.

ಹಿಂಗಾರು ಮಳೆಗೆ ಕೆರೆ ಕೋಡಿ ಬಿತ್ತು. ನಾನು ಧಾರವಾಡದಲ್ಲಿದ್ದೆ, ಬಸ್ಸು ನಿಂತುಹೋಗಿ ಅಲ್ಲಿಯೇ ಉಳಿಯಬೇಕಾಯಿತು. ಆಮೇಲೆ ನಡೆದದ್ದನ್ನು ಕಾಕಾನಿಂದ ಕೇಳಿದ್ದೇನೆ.

ಬೆಳಿಗ್ಗೆ ನೀರು ಏರಿತು. ಮಾಳಿಗೆಯಿದ್ದವರು ಮಾಳಿಗೆ ಹತ್ತಿದರು. ಓಣಿಯ ಕಟ್ಟಕಡೆಯ ತಗಡಿನ ಮನೆಗೆ ಮಾಳಿಗೆಯಿರಲಿಲ್ಲ. ಅಲ್ಲಿ ಗೋಡೆಗೆ ಬಣ್ಣ ಹಚ್ಚುವ ಒಬ್ಬ ಬಿಹಾರದವನು, ಹೆಂಡತಿ, ಹಸುಗೂಸು. ಅವರು ಕಂಪೌಂಡ್ ಗೋಡೆಯ ಮೇಲೆ ಹತ್ತಿ ಕೂತು ಕೂಗುತ್ತಿದ್ದರು. ಓಣಿಯಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಕ್ಕೋರು ದೋಣಿ ಇಳಿಸಿದರು. ಕಾಕಾ ಬೇಡ ಎಂದನಂತೆ.

‘ಕಟ್ಟಾಕ ಏನೂ ಇಲ್ರಿ ಅಕ್ಕೋರ, ಸೆಳವು ಭಾಳ ಐತಿ ಅಂದ್ನಿ. ನೀ ಕೈಯಾಗ ಹಿಡಿ, ಲಗೂ ಮುಗಸೂನು ಅಂದ್ರು. ಕಂಬಕ್ಕ ಹಗ್ಗ ಹಾಕಿ ಈ ತುದಿ ನಾ ಕೈಗೆ ಸುತ್ತಿ ಹಿಡದಿದ್ನಿ ತಂಗಿ. ಕೂಸು ಇಸಗೊಂಡು ತಳಗ ಬುಟ್ಟ್ಯಾಗ ಮಲಗಿಸಿದ್ರು. ಆ ಹೆಣ್ಣಮಗಳಿಗೆ ಕೈ ಕೊಡಾಕ ಒಂದು ಕಾಲು ಗ್ವಾಡಿ ಮ್ಯಾಲೆ ಇಟ್ರು. ಆಗ ಮ್ಯಾಲಿಂದ ಒಂದು ಗಿಡದ ಬೊಡ್ಡಿ ತೇಲಿ ಬಂದು ಬಡೀತು. ಹಗ್ಗ ನನ್ನ ಕೈಯಾಗಿಂದ ಕಿತಗೊಂಡ ಹೋತು. ದೋಣಿ ಸರೀತು, ಅಕ್ಕೋರು ನಡುವ ಬಿದ್ರು. ತಿರುಗಿ ಬಂದ ದೋಣಿ ಅವರನ್ನ ಗ್ವಾಡಿಗೆ ಒತ್ತಿ ಬಿಡ್ತು.’

ಹೀಗೆ ಹೇಳಿ ಕಾಕಾ ಎರಡೂ ಅಂಗೈ ತೋರಿಸಿದ. ಚರ್ಮ ಕಿತ್ತು ಹೋಗಿತ್ತು. ಆತನೇ ನೀರಿಗೆ ಹಾರಿ ಅಕ್ಕೋರನ್ನು ಗೋಡೆಯ ಮೇಲಕ್ಕೆ ಎಳೆದಿದ್ದ. ಕೂಸನ್ನು ಹೊತ್ತ ದೋಣಿ ತೇಲುತ್ತಾ ಹೋಗಿ ಒಂದು ಗೇಟಿಗೆ ಸಿಕ್ಕಿ ನಿಂತಿತಂತೆ, ಮಾಳಿಗೆಯ ಮೇಲಿದ್ದವರು ಇಳಿದು ಕೂಸನ್ನು ಎತ್ತಿಕೊಂಡರಂತೆ.

ನಾನು ಆಸ್ಪತ್ರೆ ಮುಟ್ಟಿದಾಗ ಅಕ್ಕೋರಿಗೆ ಎಚ್ಚರವಿತ್ತು. ಪಕ್ಕೆಲುಬು ಮುರಿದು ಪುಪ್ಪುಸಕ್ಕೆ ಪೆಟ್ಟಾಗಿತ್ತು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿದ್ದರು.

‘ಕೂಸು ಹಾಲು ಕುಡೀತೇನು?’

‘ಕುಡದೈತ್ರಿ ಅಕ್ಕೋರ. ಆರಾಮ ಐತಿ.’

‘ಹೆಸರೇನ ಇಟ್ಟಾರ, ಕೇಳಿದೇನು?’

‘ಇಲ್ರಿ.’

‘ಕೇಳು. ಓಣ್ಯಾಗ ಯಾರೂ ಕೇಳೂದಿಲ್ಲ.’

ಆಮೇಲೆ ನನ್ನ ಕೈಯನ್ನು ತಾವೇ ಹುಡುಕಿ ಹಿಡಿದು, ‘ನನ್ನ ಹೆಸರಿಲೆ ಸಭಾ ಮಾಡಗೊಡಬ್ಯಾಡ. ಆ ಮನಶಾನ ಬಾಯಾಗ ನನ್ನ ಹೆಸರು ಬ್ಯಾಡ’ ಎಂದರು. ಅವರು ನನ್ನ ಕೈ ಹಿಡಿದದ್ದು ಅದೊಂದೇ ಸಲ. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು.

ಕಾರವಾರದಿಂದ ತಂಗಿ ಬಂದರು. ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದಿದ್ದರು. ಬಣ್ಣದವನು ಮತ್ತು ಅವನ ಹೆಂಡತಿ ಕೂಸನ್ನೆತ್ತಿಕೊಂಡು ಕಡೆಯವರೆಗೂ ನಿಂತಿದ್ದರು. ನಾನು ಹೆಸರು ಕೇಳಿದೆ. ರೋಶನಿ. ಓಣಿಯ ಬಹುಪಾಲು ಜನ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದರು, ಅಲ್ಲಿಂದ ಮುಂದೆ ಬರಲಿಲ್ಲ. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು.

ಸಭೆ ಮಾಡಗೊಡಬೇಡ ಎಂದಿದ್ದರು ಅಕ್ಕೋರು. ತಡೆಯಲು ನನ್ನಿಂದಾಗಲಿಲ್ಲ. ಸಂಘದವರು ಶಾಮಿಯಾನ ಹಾಕಿ, ಫೋಟೋಕ್ಕೆ ಹಾರ ಹಾಕಿ, ಮೈಕು ಕಟ್ಟಿದರು. ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ‘ವಯಸ್ಸಾಗಿತ್ತು. ಬ್ಯಾಡ್ರಿ ಅಂತ ನಾವೆಲ್ಲಾ ಹೇಳಿದ್ವಿ. ಅವರು ಕೇಳೂ ಪೈಕಿ ಅಲ್ಲ’ ಎಂದರು. ನೀರು ಬಂದ ದಿನ ಅವರು ತಮ್ಮ ಮಾಳಿಗೆಯಿಂದ ಒಂದು ಮಾತೂ ಆಡಿರಲಿಲ್ಲ ಎಂದು ಕಾಕಾ ನನಗೆ ಹೇಳಿದ್ದ.

ನಾನು ಎದ್ದು ನಿಂತೆ. ‘ದೋಣಿ ಕೊಂಬು ಯಾಕ ತಗಸಿದ್ರಿ ಅಂತ ಹೇಳ್ರಿ’ ಎಂದೆ. ಮೈಕು ಇಲ್ಲದಿದ್ದರೂ ಕಡೆಯ ಸಾಲಿನವರೆಗೆ ಕೇಳಿಸಿತು.

‘ಇದು ಅಂಥಾ ಮಾತ ಆಡೂ ಹೊತ್ತಲ್ಲ ತಂಗಿ’ ಎಂದರು ಅವರು, ಬಹಳ ಮೃದುವಾಗಿ. ಆಮೇಲೆ ಜನರ ಕಡೆಗೆ ತಿರುಗಿ, ‘ಎಲ್ಲಾರೂ ಎದ್ದ ನಿಲ್ರಿ. ಅಕ್ಕೋರ ಆತ್ಮಕ್ಕ ಎರಡು ನಿಮಿಷ ಮೌನ ಮಾಡೂನು’ ಎಂದರು.

ಎಲ್ಲರೂ ಎದ್ದರು, ತಲೆ ತಗ್ಗಿಸಿದರು. ನಾನು ಮೊದಲೇ ನಿಂತಿದ್ದೆ. ಕಾಕಾ ಮಾತ್ರ ಪಟ್ಟಿ ಕಟ್ಟಿದ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿ ಬಿಟ್ಟು ಏಳಲಿಲ್ಲ. ಮೌನ ಮುಗಿದ ಕೂಡಲೇ ಚಹಾ ಬಂತು.

ಆ ಸಭೆಗೆ ಅವ್ವನೂ ಬಂದಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದು ನಾಟಕವಲ್ಲ, ಅವಳಿಗೆ ನಿಜವಾಗಿ ದುಃಖವಾಗಿತ್ತು. ಮನೆಗೆ ಬರುವಾಗ ನನ್ನ ತೋಳು ಹಿಡಿದು ನಡೆಯುತ್ತಾ, ‘ಪಾಪ, ಭಾಳ ಛಲೋ ಹೆಣ್ಣಮಗಳು’ ಎಂದಳು.

ಅಕ್ಕೋರ ಮನೆಯನ್ನು ತಂಗಿ ಮಾರಿದರು. ದೋಣಿಯನ್ನು ಸಂಘದವರು ಎಲ್ಲಿಗೋ ಸಾಗಿಸಿದರು. ಕಾಕಾ ಗ್ಯಾರೇಜು ಬೇರೆಯವರಿಗೆ ಒಪ್ಪಿಸಿ ಶಿರಗುಪ್ಪಿಯಲ್ಲಿ ಅಣ್ಣನ ಹೊಲ ನೋಡಿಕೊಳ್ಳುತ್ತಿದ್ದಾನೆ. ಸ್ಪ್ಯಾನರು ಹಿಡಿಯಲು ಕೈ ಬರುವುದಿಲ್ಲ ಎನ್ನುತ್ತಾನೆ.

ನಾನು ಅದೇ ಓಣಿಯಲ್ಲಿ ಅವ್ವನ ಜೊತೆ ಇದ್ದೇನೆ. ಬೆಳಿಗ್ಗೆ ಅವಳ ಟೊಂಕಕ್ಕೆ ಎಣ್ಣೆ ಹಚ್ಚುತ್ತೇನೆ, ಕೈ ಹಿಡಿದು ಬಚ್ಚಲಿಗೆ ಒಯ್ಯುತ್ತೇನೆ, ರೊಟ್ಟಿ ಬಡಿದಿಟ್ಟು ಬಸ್ಸು ಹಿಡಿಯುತ್ತೇನೆ. ಅಕ್ಕೋರು ನನಗೆ ಕೊಟ್ಟದ್ದರಲ್ಲಿ ಓದು ಒಂದು, ಅನ್ನ ಒಂದು. ಅವ್ವನನ್ನೂ ಅವರೇ ಕೊಟ್ಟರು. ತಂಬಿಗೆ ಹಿಡಿದು ಆ ದೋಣಿಯ ಸುತ್ತ ಕುಂಟುತ್ತಾ ನಡೆದ ಅವ್ವನನ್ನೇ ಕೊಟ್ಟರು. ಇದನ್ನು ಹೇಗೆ ತೀರಿಸಬೇಕೋ ನನಗೆ ತಿಳಿಯುವುದಿಲ್ಲ.

ಮೊನ್ನೆ ನಾನು ಊಟಕ್ಕೆ ಬಡಿಸುವಾಗ ಅವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. ‘ನನ್ನ ಮ್ಯಾಲೆ ಇನ್ನೂ ಸಿಟ್ಟೈತೇನು ನಿನಗ?’ ಎಂದು ಕೇಳಿದಳು.

ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿ, ‘ಆರತೈತಿ, ಉಣ್ಣಬೇ’ ಎಂದೆ.